ಗಂಟು ಹಾಕುವ ಕಬ್ಬಿಣದ ಕೊಕ್ಕು

ನೇಪರ್‌ವಿಲ್

ಗದಗಿಗೆ ಮರಳಿದ ಮೇಲೆ ನನ್ನನ್ನು ಮಾತಾಡಿಸಲು ಬಂದವರೆಲ್ಲ ಮೊದಲು ಕೇಳಿದ್ದು ನಯಾಗರಾ ಜಲಪಾತದ ಬಗ್ಗೆ. ನಾನು ಅದನ್ನು ನೋಡಲಿಲ್ಲ. ಟಿಕೆಟ್ ತೆಗೆಸಿಯೂ ಹೋಗಲಿಲ್ಲ. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಒಂದು ಕಬ್ಬಿಣದ ತುಂಡು ನನ್ನ ಅಮೆರಿಕ ಪ್ರವಾಸವನ್ನು ನುಂಗಿಬಿಟ್ಟಿತು. ಬಂದವರಿಗೆಲ್ಲ ಈ ಕಥೆಯನ್ನು ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ತಂಗಿ ಸರೋಜಾ ಶಿಕಾಗೋದ ಪಶ್ಚಿಮಕ್ಕಿರುವ ನೇಪರ್‌ವಿಲ್‌ನಲ್ಲಿ ಮಕ್ಕಳ ಡಾಕ್ಟರು. ನನಗಿಂತ ಎಂಟು ವರ್ಷ ಚಿಕ್ಕವಳು. ಅವಳ ಗಂಡ ರಘು ಮೈಸೂರಿನವರು, ಹಾಫ್‌ಮನ್ ಎಸ್ಟೇಟ್ಸ್‌ನ ಒಂದು ಕಂಪನಿಯಲ್ಲಿ ಎಂಜಿನಿಯರು. ನಾನು ನರಗುಂದದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಗದಗಿನ ಪ್ರಾಥಮಿಕ ಶಾಲೆಗಳಲ್ಲಿ ಮಗ್ಗಿ ಹೇಳಿಸಿ ನಿವೃತ್ತಳಾದವಳು. ನಿವೃತ್ತಿಯಾದ ವರ್ಷವೇ ತಂಗಿ ಕರೆಸಿಕೊಂಡಳು.

ಹೋದ ಮರುದಿನ ಬೆಳಿಗ್ಗೆ ರಘು ಫೋನು ನೋಡಿ, “ಇವತ್ತು ತೊಂಬತ್ನಾಲ್ಕು ಡಿಗ್ರಿಯಂತೆ ಅಕ್ಕ” ಎಂದರು. ನಾನು ಹೌಹಾರಿ ಕಿಟಕಿಯ ಪರದೆ ಎಳೆದೆ. ನಮ್ಮ ಕಡೆ ನಲವತ್ತಕ್ಕೇ ರಸ್ತೆ ಖಾಲಿಯಾಗುತ್ತದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕ ಮೇಲೆ ಗೊತ್ತಾಯಿತು, ಅವರ ಡಿಗ್ರಿಯೇ ಬೇರೆ.

ಆ ಮನೆಗೆ ಮೂರು ಕಾರು ನಿಲ್ಲುವಷ್ಟು ದೊಡ್ಡ ಗ್ಯಾರೇಜು. ಆದರೆ ಕಾರುಗಳು ಹೊರಗೆ ಬಿಸಿಲಲ್ಲಿ ನಿಂತಿದ್ದವು. ಒಳಗೆ ತುಂಬ ಹಳೆಯ ಕಬ್ಬಿಣ: ಮೆಕ್ಕೆಜೋಳ ಬಿಡಿಸುವ ಕೈಯಂತ್ರ, ಬೆಣ್ಣೆ ಕಡೆಯುವ ಪೀಪಾಯಿ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಒಂದು ನೇಗಿಲು.

“ಮಂದಿ ಗಾಡಿ ಒಳಗಿಟ್ಟು ಗುಜರಿ ಹೊರಗ ಹಾಕ್ತಾರಕ್ಕಾ, ನಮ್ಮನ್ಯಾಗ ಎಲ್ಲಾ ಉಲ್ಟಾ” ಎಂದಳು ಸರೋಜಾ.

“ಗುಜರಿ ಅಲ್ಲ ಅಕ್ಕ. ಈ ದೇಶ ಎದ್ದು ನಿಂತಿದ್ದೇ ಇವುಗಳಿಂದ” ಎಂದು ರಘು ನೇಗಿಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಪೂರ್ವದ ಕಡೆಯಿಂದ ಬಂದ ರೈತರ ಎರಕದ ಕಬ್ಬಿಣದ ನೇಗಿಲಿಗೆ ಇಲ್ಲಿಯ ಕಪ್ಪು ಮಣ್ಣು ಮೆತ್ತಿಕೊಳ್ಳುತ್ತಿತ್ತಂತೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಕೆರೆಯಬೇಕು. ಆಗ ಒಬ್ಬ ಕಮ್ಮಾರ ಮುರಿದ ಗರಗಸದ ಉಕ್ಕಿನಿಂದ ನೇಗಿಲು ಮಾಡಿ, ಕನ್ನಡಿಯ ಹಾಗೆ ಉಜ್ಜಿ ನಯಮಾಡಿದ. ಮಣ್ಣು ತಾನಾಗಿ ಜಾರಿಬಿತ್ತು, ಖಾಲಿ ಬಿದ್ದಿದ್ದ ಹುಲ್ಲುಗಾವಲೆಲ್ಲ ಹೊಲವಾಯಿತು.

ರಘುವಿಗೆ ಅದು ಪುಸ್ತಕದ ವಿಷಯ. ನನಗೆ ಅಪ್ಪನ ನೆನಪಾಯಿತು. ನಮ್ಮ ಎರೆಭೂಮಿಯಲ್ಲಿ ಮಳೆಯಾದ ಮೇಲೆ ನಡೆದರೆ ಒಂದೊಂದು ಕಾಲೂ ಆನೆಯ ಕಾಲಾಗುತ್ತಿತ್ತು. ನೇಗಿಲು ಕೆರೆಯಲೆಂದೇ ಅಪ್ಪ ಸೊಂಟಕ್ಕೊಂದು ಬಿದಿರಿನ ಚೂರು ಸಿಕ್ಕಿಸಿಕೊಂಡಿರುತ್ತಿದ್ದ. ಏಳು ಸಮುದ್ರ ದಾಟಿ ಬಂದರೂ ಮಣ್ಣಿನ ಹಟ ಒಂದೇ ಎಂದು ನಗು ಬಂತು.

ವಾಲ್ಟರ್ ಅವರ ಹೊಲ

ಗ್ಯಾರೇಜಿನಲ್ಲಿದ್ದದ್ದು ರಘುವಿನ ಹುಚ್ಚಿನ ಚಿಕ್ಕ ಪಾಲು. ದೊಡ್ಡ ಪಾಲು ಅರವತ್ತು ಮೈಲಿ ಆಚೆ ವಾಲ್ಟರ್ ಎಂಬ ರೈತರ ಕೊಟ್ಟಿಗೆಯಲ್ಲಿತ್ತು. ವಾಲ್ಟರ್ ಎಂಬತ್ತು ದಾಟಿದ ಎತ್ತರದ ಮನುಷ್ಯ, ಮಾತು ಕಡಿಮೆ. ಪ್ರತಿ ಜುಲೈ ತಿಂಗಳಲ್ಲಿ ಅವರ ಹೊಲದಲ್ಲಿ ಹಳೆಯ ಯಂತ್ರಗಳ ಮೇಳ ನಡೆಯುತ್ತದೆ. ಅಲ್ಲಿ ನೂರು ವರ್ಷ ಹಿಂದಿನ ಕಟಾವು ಯಂತ್ರವೊಂದು ಗೋಧಿ ಕೊಯ್ದು, ತಾನೇ ತೆನೆಗಳ ಕಟ್ಟು, ಅಂದರೆ ಸಿವುಡು, ಕಟ್ಟಿ ಎಸೆಯುತ್ತದೆ. ವಾಲ್ಟರ್ ಅವರ ಮೊಣಕಾಲು ಸೋತಿದೆ. ಈ ವರ್ಷದಿಂದ ಯಂತ್ರ ಓಡಿಸುವವರನ್ನು ಅವರು ಹುಡುಕುತ್ತಿದ್ದರು. ರಘು ಮೂರು ವರ್ಷ ಶನಿವಾರ ಶನಿವಾರ ಹೋಗಿ ಗ್ರೀಸ್ ಹಚ್ಚಿ, ಹಲಗೆ ಒರೆಸಿ, ಕಾದಿದ್ದು ಇದಕ್ಕಾಗಿಯೇ.

ನಾವು ಹೋದ ದಿನ ಪರೀಕ್ಷೆಗೆಂದು ಹೊಲದ ಅಂಚಿನಲ್ಲಿ ಯಂತ್ರ ಓಡಿಸಿದರು. ಪಕ್ಕದ ಹೊಲದವನ ಟ್ರ್ಯಾಕ್ಟರ್ ಎಳೆಯಿತು. ಮೇಲೆ ಹಲಗೆಗಳ ಚಕ್ರ ತಿರುಗಿ ಗೋಧಿಯನ್ನು ಬಾಗಿಸಿತು, ಕೆಳಗೆ ಅಲಗು ಕತ್ತರಿಸಿತು, ಬಟ್ಟೆಯ ಪಟ್ಟಿ ತೆನೆಗಳನ್ನು ಮೇಲಕ್ಕೆ ಹೊತ್ತೊಯ್ದಿತು. ಕೊನೆಗೆ ಒಂದು ದೊಡ್ಡ ಕೊಕ್ಕೆ ಕತ್ತಾಳೆಯ ಹುರಿಯನ್ನು ಸಿವುಡಿನ ಸುತ್ತ ತಂದಿತು. ಅಲ್ಲಿ ಗಿಳಿಯ ಕೊಕ್ಕಿನಂಥ ಸಣ್ಣ ತುಂಡೊಂದು ಗರ್‍ರನೆ ಒಂದು ಸುತ್ತು ತಿರುಗಿ, ಬಾಯಿ ತೆರೆದು, ಹುರಿ ಕಚ್ಚಿ, ಗಂಟು ಹಾಕಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಒಂದನೇ ತರಗತಿಯ ಮಕ್ಕಳಿಗೆ ಲಾಡಿ ಕಟ್ಟಲು ಕಲಿಸುವುದೇ ನನಗೆ ಎಷ್ಟು ದಿನ ಹಿಡಿಯುತ್ತಿತ್ತು!

ಆದರೆ ಗಂಟು ಕೊಕ್ಕಿನಿಂದ ಜಾರಲಿಲ್ಲ. ಹುರಿ ಪಟಕ್ಕನೆ ಹರಿಯಿತು, ಸಿವುಡು ಬಿಚ್ಚಿ ನೆಲದ ಮೇಲೆ ಹರಡಿತು. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೆಯೇ.

ವಾಲ್ಟರ್ ಕೊಕ್ಕನ್ನು ಬಿಚ್ಚಿ ತೆಗೆದು ಬಿಸಿಲಿಗೆ ಹಿಡಿದರು. ಹುರಿ ತಿಕ್ಕಿ ತಿಕ್ಕಿ ಅದರಲ್ಲೊಂದು ಆಳದ ಗೀರು ಬಿದ್ದಿತ್ತು. ಗಂಟು ಆ ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು.

“ಇದನ್ನು ಎರಕ ಹೊಯ್ಯುವವರು ಈಗ ಯಾರೂ ಇಲ್ಲ. ಮೇಳಕ್ಕೆ ಹದಿನೈದು ದಿನ ಇದೆ. ಅಷ್ಟರಲ್ಲಿ ಇದು ಗಂಟು ಹಾಕದಿದ್ದರೆ, ಹೆದ್ದಾರಿಯ ಪಕ್ಕದ ಹೋಟೆಲಿನವರು ಕೇಳುತ್ತಿದ್ದಾರೆ, ಯಂತ್ರವನ್ನೇ ಅವರಿಗೆ ಕೊಟ್ಟುಬಿಡುತ್ತೇನೆ” ಎಂದರು ವಾಲ್ಟರ್.

“ಹೋಟೆಲಿಗೆ ಇದು ಯಾತಕ್ಕೆ?” ಎಂದು ಕೇಳಿದೆ.

“ಬಾಗಿಲ ಮುಂದೆ ನಿಲ್ಲಿಸಿ ಹೂವಿನ ಕುಂಡ ಇಡಲು.”

ರಘುವಿನ ಮುಖ ಇಷ್ಟಾಯಿತು. “ವಾರೆನ್‌ನಲ್ಲಿ ನಮ್ಮ ಪರಿಚಯದ ಬಸವರಾಜ್ ಅಂಕಲ್ ಇದ್ದಾರೆ, ಕಾರು ಕಂಪನಿಯಲ್ಲಿ ಉಪಕರಣ ಮಾಡುತ್ತಿದ್ದವರು. ಅವರು ಮಾಡಬಹುದು. ನಾನು ತಗೊಂಡು ಹೋಗ್ಲಾ?” ಎಂದು ಇಂಗ್ಲಿಷಿನಲ್ಲಿ ವಾಲ್ಟರ್ ಅವರನ್ನು ಕೇಳಿದರು.

ವಾಲ್ಟರ್ ಕೊಕ್ಕನ್ನು ರಘುವಿಗೆ ಕೊಡಲಿಲ್ಲ. ನನ್ನ ಅಂಗೈಯಲ್ಲಿಟ್ಟರು. “ನೀವು ಇಟ್ಟುಕೊಳ್ಳಿ. ಇವನು ಕಾಫಿ ಕುಡಿಯುವಾಗ ಎಲ್ಲಾದರೂ ಇಟ್ಟು ಮರೆಯುತ್ತಾನೆ.”

ಕಾರಿನಲ್ಲಿ ರಘು ಮೆಲ್ಲಗೆ ಹೇಳಿದರು: “ಅವರ ಅಜ್ಜನ ಕಾಲದ್ದು ಅಕ್ಕ ಅದು. ಹುಷಾರು.” ಅಂದಿನಿಂದ ಅದು ನನ್ನ ಕರವಸ್ತ್ರದಲ್ಲಿ, ಕರವಸ್ತ್ರ ನನ್ನ ಚೀಲದಲ್ಲಿ, ಚೀಲ ನನ್ನ ಮಡಿಲಲ್ಲಿ. ನಯಾಗರಾಕ್ಕೆ ಹೋಗಬೇಕಿದ್ದ ವಾರಾಂತ್ಯ ವಾರೆನ್‌ಗೆ ತಿರುಗಿತು. ಸರೋಜಾ ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು. ಹೊರಡುವ ದಿನ ತಾನೇ ಚಪಾತಿ ಕಟ್ಟಿಕೊಂಡು ಕಾರು ಹತ್ತಿದಳು.

ವಾರೆನ್

ವಾರೆನ್ ಇರುವುದು ಡೆಟ್ರಾಯಿಟ್ ಪಕ್ಕದಲ್ಲಿ. ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಬರುತ್ತೇವೆಂದು ಹೇಳಿದ್ದೆವು. ನನ್ನ ಕೈಗಡಿಯಾರದಲ್ಲಿ ಸರಿಯಾಗಿ ಒಂದಕ್ಕೆ ಬಾಗಿಲು ತಟ್ಟಿದೆವು. ಬಾಗಿಲು ತೆರೆದ ಅಂಕಲ್ ಹೆಂಡತಿ ಕಮಲಾ ಆಂಟಿ, “ಎರಡಾತಲ್ರೀ, ದಾರಿ ತಪ್ಪಿತ್ತೇನು?” ಎಂದರು. ದಾರಿಯಲ್ಲೆಲ್ಲೋ ಒಂದು ಗಂಟೆ ಕಳೆದುಹೋಗಿತ್ತು. ಶಿಕಾಗೋ ಗಡಿಯಾರ ಬೇರೆ, ಡೆಟ್ರಾಯಿಟ್ ಗಡಿಯಾರ ಬೇರೆ.

“ರೈಲು ಬರೂ ಮೊದಲ ಇಲ್ಲೆ ಊರಿಗೊಂದು ಟೈಮಿತ್ತಂತ್ರಿ. ಸೂರ್ಯ ನೆತ್ತಿ ಮ್ಯಾಲ ಬಂದ್ರ ಹನ್ನೆರಡು. ರೈಲು ಬಂದ ಮ್ಯಾಲ ದೇಶಾನ ಪಟ್ಟಿ ಪಟ್ಟಿ ಮಾಡಿ, ಪಟ್ಟಿಗೊಂದು ಟೈಮ್ ಇಟ್ರು” ಎನ್ನುತ್ತ ಬಸವರಾಜ ಅಂಕಲ್ ಹೊರಗೆ ಬಂದರು. ಹುಬ್ಬಳ್ಳಿಯ ಕಡೆಯವರು. ಕಾರು ಕಂಪನಿಯೊಂದರ ತಾಂತ್ರಿಕ ಕೇಂದ್ರದಲ್ಲಿ ಅಚ್ಚು, ಉಪಕರಣ ಮಾಡುವ ಕೆಲಸದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದವರು.

ಊಟಕ್ಕೆ ಜೋಳದ ರೊಟ್ಟಿ! ಆದರೆ ಅಡುಗೆಮನೆಯಿಂದ ಬಡಿಯುವ ಸಪ್ಪಳವೇ ಬರುತ್ತಿರಲಿಲ್ಲ. ಹೋಗಿ ನೋಡಿದರೆ ಕಮಲಾ ಆಂಟಿ ಮೆಕ್ಸಿಕೋದವರ ರೊಟ್ಟಿ ಒತ್ತುವ ಕಬ್ಬಿಣದ ಅಚ್ಚಿನಲ್ಲಿ ಹಿಟ್ಟಿನ ಉಂಡೆ ಇಟ್ಟು ಹಿಡಿಕೆ ಒತ್ತುತ್ತಿದ್ದರು. ರೊಟ್ಟಿ ಗುಂಡಗೆ ಬರುತ್ತಿತ್ತು, ಸದ್ದಿಲ್ಲದೆ.

“ಬಡೀಲಾರದ ರೊಟ್ಟಿ ರೊಟ್ಟಿ ಹೆಂಗಾತ್ರೀ?” ಎಂದೆ.

“ತಿಂದು ಹೇಳ್ರಿ. ನನ್ನ ಹೆಗಲು ಹಿಡದು ಐದು ವರ್ಷ ಆತು” ಎಂದರು ಆಂಟಿ. ನಾನು ನಾಲ್ಕು ತಿಂದು ಸುಮ್ಮನಾದೆ.

ಊಟದ ಮೇಲೆ ಎಲ್ಲರೂ ನೆಲಮಾಳಿಗೆಗೆ ಇಳಿದೆವು. ಅಲ್ಲಿ ಲೇತ್, ಸಾಣೆಯಂತ್ರ, ಸಾಲಾಗಿ ತೂಗುಹಾಕಿದ ಅರಗಳು. ನಾನು ಕರವಸ್ತ್ರ ಬಿಚ್ಚಿದೆ. ಅಂಕಲ್ ಕನ್ನಡಕ ಏರಿಸಿ ನೋಡಿದರು.

“ಬಿಗಿ ಕಡಿಮ್ಯಾಗಿಲ್ಲೋ ರಘು. ನಯ ಹೋಗೈತಿ. ಗಂಟು ಹಾಕೂದು ಸರಳ, ಹಾಕಿದ ಗಂಟಿನಿಂದ ಹೊರಗ ಬರೂದ ಕಷ್ಟ. ಗೀರು ತುಂಬಿ, ಅರ ಹೊಡದು, ಸಾಣಿ ಹಿಡೀಬೇಕು.”

ಗೀರು ತುಂಬಲು ಕೊಕ್ಕನ್ನು ಕೆಂಪಗೆ ಕಾಯಿಸಿದರು. ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು. ಟಿಣ್ ಎಂದು ಸಣ್ಣ ಸದ್ದಾಯಿತು. ಕೊಕ್ಕಿನ ತುದಿ ಮುರಿದು ಮೇಜಿನ ಮೇಲೆ ಬಿತ್ತು.

ರಘು ಮೆಟ್ಟಿಲ ಮೇಲೆ ಕೂತುಬಿಟ್ಟರು. ವಾಲ್ಟರ್ ಅದನ್ನು ನನ್ನ ಕೈಯಲ್ಲಿ ಇಟ್ಟಿದ್ದರು, ನಂಬಿ ಇಟ್ಟಿದ್ದರು. ಸರೋಜಾ ಗಂಡನ ಪಕ್ಕ ಕೂತು ಮೊದಲ ಬಾರಿಗೆ ಅವರ ಹುಚ್ಚನ್ನು ಬೈಯದೆ ಅವರ ಬೆನ್ನ ಮೇಲೆ ಕೈಯಿಟ್ಟಳು.

“ಹಳೇ ಎರಕ, ಒಳಗ ಬಿರುಕಿತ್ತು” ಎಂದರು ಅಂಕಲ್. ತುಂಡುಗಳನ್ನು ಜೋಡಿಸಿ ಕಾಗದದ ಮೇಲೆ ಅಳತೆ ಬರೆದುಕೊಂಡರು. “ಉಕ್ಕಿನಾಗ ಹೊಸಾದು ಕಡೀತೀನಿ. ಎರಡು ದಿನ ಬೇಕು. ನೀವು ಇಲ್ಲೆ ನಿಂತು ನನ್ನ ಕೈ ನಡಗಸಬ್ಯಾಡ್ರಿ, ಹೋಗಿ ಊರು ನೋಡ್ರಿ.”

ಕಾರು ಮತ್ತು ಕಣ

ಹಾಗೆ ಓಡಿಸಿದ್ದರಿಂದ ನಾವು ಮರುದಿನ ಡೆಟ್ರಾಯಿಟ್ ಹೊರವಲಯದ ಒಂದು ದೊಡ್ಡ ವಸ್ತುಸಂಗ್ರಹಾಲಯಕ್ಕೆ ಹೋದೆವು. ಒಂದೇ ಸೂರಿನಡಿ ಉಗಿಬಂಡಿ, ಕಾರು, ಬಟ್ಟೆ ತೊಳೆಯುವ ಯಂತ್ರ, ರಾಶಿ ಯಂತ್ರ. ರಘುವಿಗೆ ಅಲ್ಲಿ ಸ್ವಲ್ಪ ಜೀವ ಬಂತು. ಕಾರ್ಖಾನೆಯಲ್ಲಿ ಕಟ್ಟುತ್ತಿರುವ ಕಾರು ನಿಂತಲ್ಲೇ ನಿಲ್ಲದೆ ಕೆಲಸಗಾರರ ಮುಂದೆ ಸರಿಯುತ್ತಾ ಹೋಗುವ ಉಪಾಯ ಶಿಕಾಗೋದ ಕಸಾಯಿಖಾನೆಗಳಿಂದ ಬಂತೆಂದು ಹೇಳುತ್ತಾರೆ ಎಂದರು. ಅಲ್ಲಿ ತೂಗುಹಾಕಿದ ಮಾಂಸ ಸರಪಳಿಯ ಮೇಲೆ ಸರಿಯುತ್ತಿತ್ತಂತೆ, ಒಬ್ಬೊಬ್ಬ ಒಂದೊಂದು ತುಂಡು ಕಡಿಯುತ್ತಿದ್ದನಂತೆ. ಇಲ್ಲಿ ಕಡಿಯುವ ಬದಲು ಜೋಡಿಸಿದರು. ಸರೋಜಾ ಕಿವಿ ಮುಚ್ಚಿಕೊಂಡಳು.

“ಕೊಯ್ಯೋ ಯಂತ್ರ ಬಂದು ಹೊಲದಲ್ಲಿ ಕೆಲಸ ತಪ್ಪಿದವರಲ್ಲಿ ಎಷ್ಟೋ ಜನ ಇಲ್ಲಿಗೆ ಬಂದು ಕಾರು ಮಾಡಿದ್ರು ಅಕ್ಕ. ಆ ಕಾರು ವಾಪಸ್ ಹೊಲಕ್ಕೇ ಹೋಯ್ತು. ರೈತರು ಅದರ ಹಿಂದಿನ ಚಕ್ರ ಮೇಲೆತ್ತಿ, ಬೆಲ್ಟ್ ಹಾಕಿ, ಕಟ್ಟಿಗೆ ಕೊಯ್ತಿದ್ರು!” ಎಂದರು ರಘು. ಇದು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಟ್ರ್ಯಾಕ್ಟರು ಬಿತ್ತಿ, ರಾಶಿ ಮಾಡಿ, ಮದುವೆ ದಿಬ್ಬಣವನ್ನೂ ಹೊತ್ತು ತರುವುದಿಲ್ಲವೇ?

ತೆನೆಯಿಂದ ಕಾಳು ಬಿಡಿಸುವ ರಾಶಿ ಯಂತ್ರದ ಮುಂದೆ ಸರೋಜಾ ನಿಂತಳು. ಮನೆಯಷ್ಟು ದೊಡ್ಡ ಮರದ ಪೆಟ್ಟಿಗೆ, ಹೊಟ್ಟು ತೂರಲು ಆನೆಯ ಸೊಂಡಿಲಿನಂಥ ಕೊಳವೆ.

“ನಮ್ಮೂರಿಗೆ ಮೊದಲನೇ ರಾಶಿ ಮಷೀನು ಬಂದಿದ್ದು ನೆನಪದ ಏನಕ್ಕಾ? ಹುಡುಗೂರೆಲ್ಲಾ ಹಿಂದ ಓಡಿದ್ವಿ. ನೀ ಬರಲಿಲ್ಲ.”

“ನಾ ಆವಾಗ ಟೀಚರ್ ಟ್ರೇನಿಂಗಿನ್ಯಾಗ ಇದ್ದೆ.”

“ನೀನೂ ಪಿಯುಸಿ ಸೈನ್ಸ್ ತಗೋಬೇಕಿತ್ತು. ಗಣಿತದಾಗ ಕಚ್ಚಾ ಇದ್ದಿ ಅಂತ ಅಪ್ಪ ಹೇಳ್ತಿದ್ದ” ಎಂದಳು. ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಅವಳು ಹಾಗೇ ನಂಬಿದ್ದಳು.

ನಾನು ಆ ವಿಷಯ ಯಾರಿಗೂ ಹೇಳಿದವಳಲ್ಲ. ಆ ಪೆಟ್ಟಿಗೆಯ ಮುಂದೆ ಯಾಕೋ ಬಾಯಿಗೆ ಬಂತು.

“ಕಚ್ಚಾ ಇರಲಿಲ್ಲವ್ವಾ ಸರೋಜಾ. ಎಸ್ಸೆಸ್ಸೆಲ್ಸಿ ವರ್ಷ ಕಣದಾಗ ಹಂತಿ ಹೂಡಿದ್ರು. ತೆನಿ ತುಳಸಾಕ ಎತ್ತಿನ ಹಿಂದ ಹದಿನೆಂಟು ದಿನ ನಾನ ತಿರಗೀನಿ. ಅವ್ವಗ ಬಾಣಂತನ, ಅಪ್ಪಗ ಬ್ಯಾರೆ ಆಳು ಸಿಗಲಿಲ್ಲ. ಪರೀಕ್ಷೆಗೆ ಕುಂತಾಗ ಕಣ್ಣ ಮುಂದ ಎತ್ತ ತಿರಗತಿದ್ವು. ಗಣಿತ ಹೋತು. ಅಕ್ಟೋಬರದಾಗ ಮತ್ತ ಬರದು ಪಾಸಾಗೂದರಾಗ ಕಾಲೇಜ್ ಬಾಗಿಲ ಮುಚ್ಚಿತ್ತು.”

ಸರೋಜಾ ಯಂತ್ರವನ್ನು ನೋಡಿದಳು, ನನ್ನನ್ನು ನೋಡಿದಳು. “ಮತ್ತ ನನ್ನ ಪಾಳಿ ಬರೂದರಾಗ ಇದು ಬಂದಿತ್ತು.”

“ಹೂಂ. ಹದಿನೆಂಟು ದಿನದ ಕೆಲಸ ಒಂದ ದಿನಕ್ಕ ಮುಗಿಸಿತ್ತು.”

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀ ಯಾವಾಗ ಕೇಳಿದಿ?”

ಅವಳ ಕಣ್ಣು ತುಂಬಿತು. ಮಾಸ್ತರಿಕೆಯ ಚಟ, ಅಳುವ ಮಗುವನ್ನು ನಗಿಸದೆ ನನಗಿರಲಾಗದು. “ಬರೇ ಈ ಪೆಟ್ಟಿಗಿಯಿಂದ ಡಾಕ್ಟರ್ ಆದಿ ಅಂತ ತಿಳ್ಕೋಬ್ಯಾಡ, ನೀ ಒಂಚೂರು ಓದಿದ್ದೂ ಖರೆ ಅದ” ಎಂದೆ. ಅಳು ನಗು ಎರಡೂ ಒಟ್ಟಿಗೆ ಬಂದು ಅವಳಿಗೆ ಬಿಕ್ಕಳಿಕೆ ಹತ್ತಿತು. ನೀರು ಹುಡುಕಿಕೊಂಡು ರಘು ಇಡೀ ಕಟ್ಟಡ ಓಡಾಡಿದರು. ಮರುದಿನ ಅಂಕಲ್ ಹೊಸ ಕೊಕ್ಕನ್ನು ನನ್ನ ಕೈಯಲ್ಲಿಟ್ಟಾಗ ಅದು ಬೆಳ್ಳಿಯ ಆಭರಣದ ಹಾಗೆ ಹೊಳೆಯುತ್ತಿತ್ತು. ಬೆರಳು ಇಟ್ಟರೆ ಜಾರುತ್ತಿತ್ತು.

ಮೇಳದ ದಿನ

ಮುರಿದದ್ದನ್ನು ವಾಲ್ಟರ್ ಅವರಿಗೆ ಹೇಳುವ ಕೆಲಸ ನನ್ನದೆಂದು ದಾರಿಯುದ್ದಕ್ಕೂ ಇಂಗ್ಲಿಷ್ ವಾಕ್ಯ ಜೋಡಿಸಿಟ್ಟುಕೊಂಡಿದ್ದೆ. ಅವರ ಮುಂದೆ ನಿಂತಾಗ ಒಂದೂ ಬರಲಿಲ್ಲ. ಎರಡು ತುಂಡುಗಳನ್ನು ಅಂಗೈಯಲ್ಲಿ ತೋರಿಸಿ, “ನಿಮ್ಮ ಅಜ್ಜನದು. ಮುರಿಯಿತು. ಕ್ಷಮಿಸಿ” ಎಂದೆ.

“ನನ್ನ ಅಜ್ಜನದೇ?” ವಾಲ್ಟರ್ ಹುಬ್ಬೇರಿಸಿದರು. “ಅದು ನಾನು ಹುಟ್ಟುವ ಮೊದಲೇ ಮುರಿದಿತ್ತು. ಇದು ಅಪ್ಪ ಇನ್ಯಾವುದೋ ಯಂತ್ರದಿಂದ ಕಿತ್ತು ಹಾಕಿದ್ದು.” ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಹೊಸದನ್ನು ಬೆಳಕಿಗೆ ಹಿಡಿದು ನೋಡಿದರು. ಅದನ್ನು ರಘುವಿನ ಕೈಗೆ ಕೊಟ್ಟು ಯಂತ್ರದ ಕಡೆ ಬೆರಳು ತೋರಿಸಿದರು. ನಾನು ಮಾತ್ರ ನಾಲ್ಕು ದಿನದ ಮೇಲೆ ಮೊದಲ ಸಲ ಸರಿಯಾಗಿ ಉಸಿರಾಡಿದೆ.

ಮೇಳಕ್ಕೆ ಸುತ್ತಲಿನ ಊರಿನವರೆಲ್ಲ ಮಡಚುವ ಕುರ್ಚಿ ತಂದು ಹೊಲದ ಸುತ್ತ ಕೂತಿದ್ದರು. ನಮ್ಮಲ್ಲಾದರೆ ಅಷ್ಟು ಜನ ಸೇರಿದರೆ ಎದುರಿಗಿದ್ದವರ ಮಾತು ಕೇಳಿಸುವುದಿಲ್ಲ. ಇವರು ಮದುವೆಮನೆಗೆ ಬೇಗ ಬಂದ ಬೀಗರಂತೆ ಮೆಲ್ಲಗೆ ಮಾತಾಡುತ್ತ ನಿಂಬೆ ಪಾನಕ ಕುಡಿಯುತ್ತಿದ್ದರು.

ಯಂತ್ರ ಒಳಗೆ ಹೋಗಬೇಕಾದರೆ ಮೊದಲು ಹೊಲದ ಅಂಚನ್ನು ಕೈಯಿಂದ ಕೊಯ್ದು ದಾರಿ ಬಿಡಿಸಬೇಕು, ಇಲ್ಲದಿದ್ದರೆ ಚಕ್ರ ಪೈರು ತುಳಿಯುತ್ತದೆ. ಅದನ್ನು ಮಾಡುವವರು ಈಗ ಇಲ್ಲ, ಅಷ್ಟು ಗೋಧಿ ಹಾಳಾಗಲಿ ಎಂದರು ವಾಲ್ಟರ್. ಗೋಧಿ ಹಾಳಾಗಲಿ ಎನ್ನುವ ಮಾತು ನನ್ನ ಕಿವಿಗೆ ಆಗಿಬರಲಿಲ್ಲ. ಕುಡಗೋಲು ಇದೆಯೇ ಎಂದು ಕೇಳಿದೆ. ಕೊಟ್ಟಿಗೆಯ ಗೋಡೆಯ ಮೇಲೆ ಅಲಂಕಾರಕ್ಕೆಂದು ಕೆಂಪು ರಿಬ್ಬನ್ ಕಟ್ಟಿ ತೂಗುಹಾಕಿದ್ದ ಎರಡು ಸಿಕ್ಕವು. ಕಲ್ಲಿಗೆ ತಿಕ್ಕಿ ಹದ ಮಾಡಿದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ.

ಎರಡು ಮಾರು ಕೊಯ್ಯುವುದರಲ್ಲಿ ಪಕ್ಕದಲ್ಲಿ ಸರಕ್ ಸರಕ್ ಸದ್ದು. ಬಿಳಿಯ ಬೂಟು, ಕಪ್ಪು ಕನ್ನಡಕ ಹಾಕಿಕೊಂಡ ಡಾಕ್ಟರ್ ಸರೋಜಾ ಇನ್ನೊಂದು ಕುಡಗೋಲು ಹಿಡಿದು ಕೂತಿದ್ದಳು.

“ನಿನಗ ಎಲ್ಲಿ ಬರ್ತದ ಇದು?” ಎಂದೆ.

“ಸಣ್ಣಾಕಿ ಇದ್ದಾಗ ನಿನ್ನ ಹಿಂದ ಕುಂತು ನೋಡೀನಿ. ಸರಿ ಅತ್ತಾಗ.”

ಒಂದು ಹಿಡಿ ಗೋಧಿಯನ್ನು ಎರಡು ಪಾಲು ಮಾಡಿ, ತೆನೆಯ ಬುಡದಲ್ಲಿ ಹೊಸೆದು ಹುರಿ ಮಾಡಿ, ಸಿವುಡಿಗೆ ಸುತ್ತಿ, ತಿರುವಿ ಒಳಗೆ ಸಿಕ್ಕಿಸಿದೆ. ದಾರವಿಲ್ಲ, ಗಂಟಿಲ್ಲ. ವಾಲ್ಟರ್ ಕುಂಟುತ್ತ ಬಂದು ಸಿವುಡನ್ನು ಎತ್ತಿ ಅಲ್ಲಾಡಿಸಿ ನೋಡಿದರು. ಬಿಚ್ಚಲಿಲ್ಲ.

“ನನ್ನ ಅಜ್ಜಿ ಹೀಗೆ ಕಟ್ಟುತ್ತಿದ್ದಳೆಂದು ಕೇಳಿದ್ದೆ. ಹೇಗೆಂದು ಯಾರೂ ತೋರಿಸಿರಲಿಲ್ಲ” ಎಂದರು. ಮತ್ತೆ ಒಂದು ಕಟ್ಟಲು ಹೇಳಿ ನನ್ನ ಕೈಯನ್ನೇ ನೋಡುತ್ತ ನಿಂತರು. ಕುರ್ಚಿ ಬಿಟ್ಟು ಒಂದಿಬ್ಬರು ಹೆಂಗಸರೂ ಬಂದು ಕಲಿತರು. ಅವರು ಕಟ್ಟಿದ ಸಿವುಡು ಎತ್ತಿದೊಡನೆ ಬಿಚ್ಚಿ ಬೀಳುತ್ತಿತ್ತು, ಅವರು ಮತ್ತೆ ಕೂರುತ್ತಿದ್ದರು.

ಆಮೇಲೆ ಯಂತ್ರ ಹೊರಟಿತು. ಆಸನದ ಮೇಲೆ ರಘು. ಮೊದಲ ಸಿವುಡು ಬಿಚ್ಚಿ ಬಿತ್ತು. ಎರಡನೆಯದೂ ಬಿತ್ತು. ವಾಲ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ರಘು ಅವರ ಕಡೆ ನೋಡಲೂ ಇಲ್ಲ, ಟ್ರ್ಯಾಕ್ಟರ್ ನಿಲ್ಲಿಸಲು ಹೇಳಿ ಕೆಳಗಿಳಿದರು. ಹುರಿಯನ್ನು ಬೆರಳಿನಲ್ಲಿ ಎಳೆದು ನೋಡಿದರು. ಕೊಕ್ಕು ಹೊಸದು, ಹುರಿಯನ್ನು ಬಿಗಿಹಿಡಿಯುವ ಸ್ಪ್ರಿಂಗು ಮಾತ್ರ ಹಳೆಯ ಕೊಕ್ಕಿನ ಅಳತೆಗೇ ಇತ್ತು. ತಿರುಪನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಹತ್ತಿದರು.

ಮೂರನೆಯ ಸಿವುಡು ಗಟ್ಟಿಯಾಗಿ ಧೊಪ್ಪನೆ ಬಿತ್ತು. ನಾಲ್ಕನೆಯದು. ಐದನೆಯದು. ವಾಲ್ಟರ್ ಒಂದು ಕ್ಷಣ ನಿಂತು, ಯಂತ್ರಕ್ಕೆ ಬೆನ್ನು ತಿರುಗಿಸಿ, ನೆರಳಿನಲ್ಲಿದ್ದ ತಮ್ಮ ಕುರ್ಚಿಗೆ ಹೋಗಿ ಕೂತು ಪಾನಕ ಕೇಳಿದರು. ರಘು ಅದನ್ನು ನೋಡಿದರು. ಮೂರು ವರ್ಷ ಕಾದಿದ್ದ ಮಾತು ಅವರಿಗೆ ಹಾಗೆ ಸಿಕ್ಕಿತು. ಅವರ ನಗು ಹೊಲದ ಈಚೆ ತುದಿಗೂ ಕಾಣುತ್ತಿತ್ತು.

ಕೊನೆಯ ಸುತ್ತಿಗೆ ರಘು ಇಳಿದು, “ಅಕ್ಕ, ನೀವು ಕೂತ್ಕೊಳ್ಳಿ. ನಾನು ಪಕ್ಕದಲ್ಲೇ ನಡೀತೀನಿ” ಎಂದರು. ಹತ್ತಿಸಿಯೇಬಿಟ್ಟರು. ತೂತುತೂತಿನ ಕಬ್ಬಿಣದ ಆಸನ ಬಿಸಿಲಿಗೆ ಕಾದಿತ್ತು. ಹಲಗೆಯ ಚಕ್ರ ನನ್ನ ಮುಂದೆ ಗೋಧಿಯನ್ನು ಬಾಗಿಸುತ್ತ ಹೋಯಿತು, ಪಕ್ಕದಲ್ಲಿ ಕೊಕ್ಕು ಗರ್‍ರೆನ್ನುತ್ತ ಗಂಟು ಹಾಕುತ್ತಿತ್ತು. ಬೆಳಿಗ್ಗೆ ನಾವಿಬ್ಬರು ಬೆನ್ನು ಬಗ್ಗಿಸಿ ಒಂದು ತಾಸು ಕೊಯ್ದಷ್ಟನ್ನು ಅದು ನಾನು ಸೆರಗು ಸರಿಮಾಡಿಕೊಳ್ಳುವುದರಲ್ಲಿ ಮುಗಿಸಿತು. ಹೊಟ್ಟೆಕಿಚ್ಚಾಗಲಿಲ್ಲ. ಕಾಲು ಕೆಳಗೆ ಬಿಟ್ಟು ಕೂತು ಸುಗ್ಗಿ ನೋಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಹಿಂದೆ ತಿರುಗಿ ನೋಡಿದೆ. ಬಿದ್ದ ಸಿವುಡುಗಳನ್ನು ಎತ್ತಿ ಒಂದಕ್ಕೊಂದು ಒರಗಿಸಿ ನಿಲ್ಲಿಸಲು ಸರೋಜಾ ಒಬ್ಬಳೇ ಓಡಾಡುತ್ತಿದ್ದಳು. ಬಿಳಿಯ ಬೂಟು ಕಪ್ಪಾಗಿತ್ತು, ಕೂದಲ ತುಂಬ ಹೊಟ್ಟು. ಒಂದು ನಿಲ್ಲಿಸುವುದರಲ್ಲಿ ಯಂತ್ರ ಇನ್ನೆರಡು ಎಸೆಯುತ್ತಿತ್ತು.

“ಅಕ್ಕಾ, ಸಾವಕಾಶ ಹೊಡಸ! ನಾ ಒಬ್ಬಾಕೀನ ಅದೀನಿ ಇಲ್ಲೆ!” ಎಂದು ಅವಳು ಅಷ್ಟು ಜನರ ನಡುವೆ ನಮ್ಮೂರಿನ ಕಣಕ್ಕೆ ಕೇಳಿಸುವ ಹಾಗೆ ಕೂಗಿದಳು.

ನಾನು ಆಸನದ ಮೇಲೆ ಇನ್ನಷ್ಟು ನೆಟ್ಟಗೆ ಕೂತು, “ಇದು ಎತ್ತಲ್ಲವ್ವಾ ತಂಗೀ, ಹೋ ಅಂದ್ರ ನಿಲ್ಲೂದಿಲ್ಲ! ಓಡು!” ಎಂದೆ.